ಎಡದಿಂದ ಬಲಕ್ಕೆ ಹೋದ ಕುತ್ತಿಗೆ

ನಮ್ಮ ಅಂಗಡಿಯ ಕಾಕಾ ಓದಿದ್ದು ಹತ್ತನೆಯ ತರಗತಿಯವರೆಗೆ, ಅದೂ ಎರಡು ಸಲ. ಆದರೆ ಅವರ ಕುತ್ತಿಗೆಗೆ ಎರಡು ಭಾಷೆ ಬರುತ್ತವೆ. ನಗಬೇಡಿ, ಇದು ಅವರೇ ಎದೆ ತಟ್ಟಿ ಹೇಳುವ ಮಾತು. ಕನ್ನಡ ಟೈಪ್ ಮಾಡುವಾಗ ಕುತ್ತಿಗೆ ಸಾಲಿನ ಜೊತೆಗೆ ಎಡದಿಂದ ಬಲಕ್ಕೆ ಹೋಗುತ್ತದಂತೆ. ಬರೀ ಕನ್ನಡವನ್ನೇ ಮಾಡುತ್ತ ಕುಳಿತರೆ ಅದು ಬಲಕ್ಕೇ ನಿಂತುಬಿಡುತ್ತದಂತೆ. ಆಗ ಅದನ್ನು ಎಳೆದು ಎಡಕ್ಕೆ ತರಲು ಬಲದಿಂದ ಎಡಕ್ಕೆ ಬರೆಯುವ ಉರ್ದುವೇ ಬೇಕಂತೆ! ಹಾಗಾದರೆ ಮರಾಠಿ? ಅದೂ ಎಡದಿಂದ ಬಲಕ್ಕೇ ಹೋಗುವುದರಿಂದ ಕಾಕಾನ ಕುತ್ತಿಗೆಯ ಮಟ್ಟಿಗೆ ಮರಾಠಿಯೂ ಕನ್ನಡವೇ.

ಬೀದರಿನ ಹಳೆಯ ಊರಿನಲ್ಲಿ ಕಾಕಾನದು ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ. ಎರಡು ಕಂಪ್ಯೂಟರು, ಒಂದು ಬೆಂಚು, ಕಿರುಗುಟ್ಟುವ ಒಂದು ಫ್ಯಾನು. ಅಲ್ಲಿನ ಎರಡನೆಯ ಕುರ್ಚಿ ನನ್ನದು. ಭಾಲ್ಕಿಯಿಂದ ಮದುವೆಯಾಗಿ ಬೀದರಿಗೆ ಬಂದವಳು ಹನ್ನೊಂದು ವರ್ಷ ಮನೆಯಲ್ಲೇ ಇದ್ದೆ. ಕಾಡಿ ಬೇಡಿ ಅತ್ತೆಯವರನ್ನು ಒಪ್ಪಿಸಿ ಈ ಕುರ್ಚಿಗೆ ಬಂದು ಮೂರು ವರ್ಷವಾಯಿತು. ನಾನು ಜೋಡಿಸಿದ ಅಕ್ಷರಗಳು ಯಾರದೋ ಮನೆಯ ದೇವರ ಮುಂದೆ ಅರಿಶಿನ ಹಚ್ಚಿಸಿಕೊಂಡು ಕುಳಿತಿರುತ್ತವೆ ಎಂಬ ಹೆಮ್ಮೆ ನನಗೇನು ಕಡಿಮೆಯಿಲ್ಲ. ಆದರೆ ಎರಡನೆಯ ವರ್ಷಕ್ಕೇ ಕುತ್ತಿಗೆ ಹಿಡಿಯತೊಡಗಿತು. ಸಂಜೆಯಾದರೆ ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿ. ಮನೆಯಲ್ಲಿ ಒಂದೇ ಮಾತು: "ಅಷ್ಟು ಬ್ಯಾನಿ ಆಗ್ತದಂದ್ರ ಬಿಟ್ಟುಬಿಡು. ಮಾಡು ಅಂತ ಯಾರು ಅಂದಾರ?"

ಒಮ್ಮೆ ಬಿಟ್ಟರೆ ಮತ್ತೆ ಹೊಸ್ತಿಲು ದಾಟಿ ಈ ಕುರ್ಚಿಗೆ ಬರುವುದು ಆಗದ ಮಾತೆಂದು ನನಗೆ ಗೊತ್ತಿತ್ತು. ಆದ್ದರಿಂದ ನೋವನ್ನು ಮನೆಯಲ್ಲಿ ಮುಚ್ಚಿಟ್ಟು, ಅಂಗಡಿಯಲ್ಲಿ ನನ್ನ ಕುತ್ತಿಗೆಯನ್ನು ಕಾಕಾನ ಕೈಗೆ ಒಪ್ಪಿಸಿದೆ. ಒಪ್ಪಿಸಿದ ಮೇಲೆ ಕೇಳಬೇಕೆ!

ಮೊದಲ ಚಿಕಿತ್ಸೆ ಪರದೆಗೆ. ಅದು ಕಣ್ಣಿನ ಮಟ್ಟಕ್ಕೆ ಇರಬೇಕಂತೆ. "ಹೆಣ್ಣು ನೋಡ್ಲಾಕ ಬಂದಾಗ ತಲಿ ಬಗ್ಗಿಸಿ ಕೂತಿದ್ದಿ, ಅದು ಸಾಕು. ಇಲ್ಲಿ ಯಾಕ ಬಗ್ಗಸ್ತಿ?" ಎಂದು ಅಟ್ಟದ ಮೇಲಿಂದ ಕಾರ್ಡಿನ ಕಟ್ಟುಗಳನ್ನು ಇಳಿಸಿ ಪರದೆಯ ಕೆಳಗೆ ಒಟ್ಟಿದರು. ಯಾವ ಕಾರ್ಡು ಅವು? ಅಚ್ಚಾದ ಮೇಲೆ ಸಂಬಂಧ ಮುರಿದು ಯಾರೂ ಒಯ್ಯದೆ ಉಳಿದ ಲಗ್ನಪತ್ರಿಕೆಗಳು. ಔರಾದದ್ದೊಂದು, ಭಾಲ್ಕಿಯವು ಎರಡು.

"ಕಾಕಾ, ಇವು ಅಪಶಕುನ ಅಲ್ಲೇನ್ರಿ?" ಎಂದೆ.

"ಇವು ಮದುವಿ ಉಳಸಲಿಲ್ಲ ಖರೇ. ಕುತ್ತಿಗಿ ಉಳಸ್ತಾವ ನೋಡು."

ಎರಡನೆಯದು ಕಣ್ಣಿಗೆ. ಹತ್ತಿರದ ಅಕ್ಷರ ನೋಡಿ ನೋಡಿ ದಣಿದ ಕಣ್ಣಿಗೆ ಆಗಾಗ ದೂರದ್ದೊಂದು ವಸ್ತು ತೋರಿಸಬೇಕು. ನಮ್ಮ ಗಲ್ಲಿಯಲ್ಲಿ ದೂರ ಎಲ್ಲಿಂದ ಬರಬೇಕು? ಎದುರಿಗೆ ಬಿದ್ರಿ ಸಾಮಾನಿನ ಅಂಗಡಿ. ಅದರ ಒಳಗೋಡೆಯ ಗೂಡಿನಲ್ಲಿ ಒಂದು ಕಪ್ಪು ಹೂಜಿ, ಮೈತುಂಬ ಬೆಳ್ಳಿಯ ಬಳ್ಳಿ. ಕಾಕಾನ ದೂರ ಅಲ್ಲಿಗೆ ಮುಗಿಯುತ್ತಿತ್ತು. ಇಪ್ಪತ್ತು ನಿಮಿಷಕ್ಕೊಮ್ಮೆ ನಾವಿಬ್ಬರೂ ಕೆಲಸ ನಿಲ್ಲಿಸಿ ಹೂಜಿಯನ್ನು ದಿಟ್ಟಿಸುತ್ತಿದ್ದೆವು. ನಾಲ್ಕು ತಿಂಗಳು ಸಹಿಸಿದ ಆ ಅಂಗಡಿಯ ಭಾಯಿ ಒಂದು ದಿನ ಹೂಜಿಯನ್ನು ಒರೆಸಿಕೊಂಡು ನಮ್ಮಲ್ಲಿಗೇ ಬಂದರು.

"ಅಷ್ಟು ದಿಲ್ ಅದ ಅಂದ್ರ ತೊಗೊಂಡುಬಿಡ್ರಿ ಕಾಕಾ. ದಿನಾ ನೋಡಿ ಯಾಕ ತ್ರಾಸ್ ಮಾಡ್ಕೋತೀರಿ?"

ಕಾಕಾ ಗಾಬರಿಯಾದರು. "ಇಲ್ಲಿ ತರಬ್ಯಾಡ್ರಿ ಭಾಯಿ! ಹತ್ರ ಬಂದ್ರ ಅದರ ಗುಣಾನೇ ಹೋಗ್ತದ. ಅಲ್ಲೇ ಇಡ್ರಿ, ಯಾರಿಗೂ ಮಾರಬ್ಯಾಡ್ರಿ."

ಕೊಳ್ಳುವುದಿಲ್ಲ, ಮಾರಲೂ ಬಿಡುವುದಿಲ್ಲ. ಇಂಥ ಗಿರಾಕಿಯನ್ನು ಭಾಯಿ ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ. ಕೊನೆಗೆ ಹೂಜಿಯನ್ನು ಹೈದರಾಬಾದಿನವರೊಬ್ಬರು ಒಯ್ದರು. ಆ ಜಾಗಕ್ಕೆ ಭಾಯಿ ಪಾಪ ಹಿಡಿಕೆ ಮುರಿದ ಒಂದು ಎಲೆಯಡಿಕೆಯ ಪಾನದಾನಿಯನ್ನು ನಮಗಾಗಿಯೇ ಇಟ್ಟಿದ್ದಾರೆ.

ಇನ್ನು ರೆಪ್ಪೆ. ಕಂಪ್ಯೂಟರ್ ಮುಂದೆ ಕೂತವರು ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆಂದು ಯಾವುದೋ ಕಣ್ಣಿನ ಶಿಬಿರದಲ್ಲಿ ಕೇಳಿ ಬಂದ ಕಾಕಾ, ಪ್ರತಿ ಸಾಲು ಮುಗಿದ ಕೂಡಲೇ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ತೆಗೆಯುವ ನೇಮ ಹಿಡಿದರು. ಒಮ್ಮೆ ಮೆಹಕರದ ಅಜ್ಜಿಯೊಬ್ಬರು ಮೊಮ್ಮಗಳ ಮದುವೆಗೆ ಕಾರ್ಡು ಆರಿಸಲು ಬಂದರು. ಜರಿಯಂಚಿನ ಕಾರ್ಡು ಕೈಗೆತ್ತಿಕೊಂಡು ಕಾಕಾನ ಕಡೆ ನೋಡುವುದಕ್ಕೂ ಕಾಕಾನ ಒಂದು ಸಾಲು ಮುಗಿಯುವುದಕ್ಕೂ ಸರಿಹೋಯಿತು. ಅಜ್ಜಿ ಕಾರ್ಡು ಕೆಳಗಿಟ್ಟರು. ಇನ್ನೊಂದು ಎತ್ತಿದರು, ಮತ್ತೆ ಕಣ್ಣು ಮುಚ್ಚಿತು. ಅದನ್ನೂ ಇಟ್ಟರು. ಹೀಗೇ ಇಳಿಯುತ್ತ ಇಳಿಯುತ್ತ ಎಲ್ಲಕ್ಕಿಂತ ಸಾದಾ ಕಾರ್ಡಿಗೆ ಬಂದು ನಿಂತರು. ಹೋಗುವಾಗ ನನ್ನ ಕಿವಿಯಲ್ಲಿ, "ನಿಮ್ಮ ಕಾಕಾ ಭಾಳ ಸಾಚಾ ಮನಷ್ಯಾ ನೋಡವ್ವ. ತುಟ್ಟಿದು ತೊಗೋಬ್ಯಾಡ ಅಂತ ತಾನೇ ಸನ್ನಿ ಮಾಡ್ದ" ಎಂದರು. ಆಮೇಲೆ ಮೆಹಕರದಿಂದ ಯಾರೇ ಬಂದರೂ ಕಾಕಾನ ಕಣ್ಣು ನೋಡಿಯೇ ಕಾರ್ಡು ಆರಿಸುತ್ತಾರೆ.

ನನ್ನ ನೋವು ಮೊಣಕೈವರೆಗೆ ಇಳಿದಾಗ ಕಾಕಾ ತಾವೇ ನನ್ನನ್ನು ದವಾಖಾನೆಗೆ ಕರೆದೊಯ್ದರು. ಡಾಕ್ಟರು ನೋಡಿ, ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ಭುಜ ತಿರುಗಿಸಿ, ಬೆನ್ನು ಕುರ್ಚಿಗೆ ಆನಿಸಿ ಕುಳಿತುಕೊಳ್ಳಿ ಎಂದರು. ಕಾಕಾ ತಮ್ಮ ಉರ್ದು ಔಷಧದ ಮಾತು ತೆಗೆದರು. ಡಾಕ್ಟರು ಬಿದ್ದು ಬಿದ್ದು ನಕ್ಕರು. "ಕುತ್ತಿಗಿಗಿ ಅಕ್ಷರ ಓದ್ಲಾಕ ಬರಂಗಿಲ್ರಿ ಕಾಕಾ."

ಹೊರಗೆ ಬಂದ ಮೇಲೆ ಕಾಕಾ ನಿಟ್ಟುಸಿರು ಬಿಟ್ಟು ಹೇಳಿದರು: "ಡಾಕ್ಟರ್ ಛಲೋ ಮನಷ್ಯಾ. ಆದ್ರ ಪಾಪ, ಉರ್ದು ಬರಂಗಿಲ್ಲ."

ಹಾಗಾಗಿ ಅಂಗಡಿಯಲ್ಲಿ ಕೆಲಸದ ಸರದಿ ಬಂದವರ ಸರದಿಯಲ್ಲ, ಕುತ್ತಿಗೆಯ ಸರದಿ. ಸಂತಪುರದ ಗೌಡರೊಬ್ಬರು, "ಮದುವಿ ಹತ್ತೇ ದಿನಕ್ಕ ಅದರಿ, ಜರಾ ಜಲ್ದಿ ಮಾಡ್ರಿ" ಎಂದು ಬಂದರು. "ಮೂರು ಕನ್ನಡ ಆಗ್ಯಾವ್ರಿ. ಕುತ್ತಿಗಿ ಬಲಕ್ಕ ಅದ. ಒಂದು ಉರ್ದು ಬರೋತನಕ ಕೂಡ್ರಿ" ಎಂದರು ಕಾಕಾ. ಗೌಡರು ಬೆಂಚಿನ ಮೇಲೆ ಒಂದು ತಾಸು ಕುಳಿತು, ಎದ್ದು ಬಸ್ಸು ಹತ್ತಿದರು. ಸಿಟ್ಟಾಗಿ ಹೋದರೆಂದುಕೊಂಡೆ. ಮರುದಿನ ತಮ್ಮೂರಿನ ಸಾಬರೊಬ್ಬರನ್ನು ಜೊತೆಗೆ ಕರೆದುಕೊಂಡೇ ಬಂದರು. ಸಾಬರ ಮಗಳ ನಿಕಾಹ್‌ಗೆ ಇನ್ನೂ ಎರಡು ತಿಂಗಳಿತ್ತು. "ಇವರದು ಮೊದಲು ಮಾಡ್ರಿ, ಬೆನ್ನಿಗೇ ನಂದು" ಎಂದು ಗೌಡರು ಬೆಂಚಿನ ಮೇಲೆ ಕಾಲು ಮಡಚಿ ಕುಳಿತರು. ಸುದ್ದಿ ಹಬ್ಬಿತು. ಈಗ ಸಾಯಗಾಂವ, ಔರಾದ ಎಲ್ಲಿಂದ ಬಂದರೂ ಅವಸರವಿದ್ದವರು ಜೋಡಿಯಾಗಿಯೇ ಬರುತ್ತಾರೆ.

ಬಂದ ಉರ್ದು ಕೆಲಸವೆಲ್ಲ ಕಾಕಾನದೇ. ಬಿಡುವಿನಲ್ಲಿ ನನಗೂ ಅಲಿಫ್, ಬೇ ಕಲಿಸಿದ್ದರು. ಆದರೆ ಕೆಲಸಕ್ಕೆ ಮಾತ್ರ ಕೈ ಹಚ್ಚಗೊಡುತ್ತಿರಲಿಲ್ಲ. "ಇದು ನನ್ನ ಗುಳಿಗಿ. ನಿನಗ ನಿನ್ನ ಡಾಕ್ಟರ್ ಹೇಳ್ಯಾನಲ್ಲ, ಓಡಾಡು" ಎನ್ನುತ್ತಿದ್ದರು. ಓಡಾಡಿದೆ. ಡಾಕ್ಟರು ಹೇಳಿದಂತೆ ಮಾಡಿದಷ್ಟು ದಿನ ಆರಾಮವಾಗಿಯೇ ಇದ್ದೆ.

ಅಷ್ಟರಲ್ಲಿ ಮೊಹರಂ ಬಂತು. ಆ ತಿಂಗಳು ನಿಕಾಹ್ ಇಲ್ಲ, ಉರ್ದು ಕಾರ್ಡೂ ಇಲ್ಲ. ಅದರ ಬೆನ್ನಿಗೇ ಶ್ರಾವಣ. ಊರೂರಿನ ಮಠಗಳ ಪ್ರವಚನದ ಕರಪತ್ರಗಳು ರಾಶಿ ಬಿದ್ದವು. ಶರಣರ ವಚನ, ಸ್ವಾಮಿಗಳ ಹೆಸರು, ದಾಸೋಹ ನೀಡುವವರ ಹೆಸರು, ಎಲ್ಲವೂ ಎಡದಿಂದ ಬಲಕ್ಕೆ. ಏಳಲೂ ಪುರುಸೊತ್ತಿಲ್ಲದೆ ನಾನು ಹತ್ತು ದಿನ ಕುಳಿತೇ ಇದ್ದೆ. ಹನ್ನೊಂದನೆಯ ದಿನ ಬೆಳಿಗ್ಗೆ ತಲೆ ಬಾಚಲು ಕೈ ಮೇಲೇಳಲಿಲ್ಲ. ಅತ್ತೆಯವರು ಬಂದು ನನ್ನ ಜಡೆ ಹೆಣೆದರು. ಹೆಣೆದು ಮುಗಿಸಿ, "ಇವತ್ತ ಹೋಗಿ ಹೇಳಿ ಬಾ. ಸಾಕು" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ವಾದಿಸುತ್ತಿದ್ದೆನೇನೋ.

ಅಂಗಡಿಗೆ ಹೋದಾಗ ಕಾಕಾನ ಸ್ಥಿತಿಯೂ ನೋಡುವಂತಿರಲಿಲ್ಲ. ಮುಖ ಬಲಕ್ಕೆ ತಿರುಗಿ ನಿಂತಿತ್ತು. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಕುರ್ಚಿ ಸಮೇತ ತಿರುಗುತ್ತಿದ್ದರು. ಅಂದೇ ಬೆಳಿಗ್ಗೆ ಯುನಾನಿ ಹಕೀಮರೊಬ್ಬರು ಕರಪತ್ರ ಕೊಟ್ಟು ಹೋಗಿದ್ದರು. ಉರ್ದು, ತುಂಬಿದ ಎರಡು ಪುಟ. ಅದು ಕಾಕಾನ ಕೈಯಲ್ಲಿತ್ತು. ತಿಂಗಳ ಉಪವಾಸಕ್ಕೆ ಎದುರು ಬಂದ ಊಟ.

ನಿಂತುಕೊಂಡೇ ಹೇಳಿದೆ. "ನಾಳಿಂದ ಬರಂಗಿಲ್ಲ ಕಾಕಾ. ಕೈ ಏಳವಲ್ದು. ಮನ್ಯಾಗ ಸಾಕು ಅಂದಾರ."

ಕಾಕಾ ಕುರ್ಚಿ ಸಮೇತ ತಿರುಗಿ ನನ್ನನ್ನು ನೋಡಿದರು. ಆಮೇಲೆ ಕರಪತ್ರವನ್ನು ನನ್ನ ಮೇಜಿನ ಮೇಲಿಟ್ಟರು.

"ಇದು ನೀ ಮಾಡು."

"ನಿಮ್ಮ ಕುತ್ತಿಗಿ, ಕಾಕಾ?"

"ನಂದು ಹಳೇ ಕುತ್ತಿಗಿ. ಯಾವ ಕಡಿ ನಿಂತ್ರೇನು? ನಿಂದು ಇನ್ನಾ ಭಾಳ ದಿನ ನಡೀಬೇಕು. ಕೂಡು."

ಕುಳಿತೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಅರ್ಧ ತಾಸಿಗೊಮ್ಮೆ ಅವರೇ ನನ್ನನ್ನು ಎಬ್ಬಿಸಿ ಬಾಗಿಲವರೆಗೆ ನಡೆಸಿದರು. ತಪ್ಪಿದಲ್ಲೆಲ್ಲ ಬೆನ್ನ ಹಿಂದೆ ನಿಂತು, ಇಡೀ ಮೈ ಓರೆ ಮಾಡಿಕೊಂಡು ಪರದೆ ನೋಡಿ ತಿದ್ದಿದರು. ಅವರಿಗಾದರೆ ಒಂದು ತಾಸಿನ ಕೆಲಸ, ನನಗೆ ಇಡೀ ದಿನ ಹಿಡಿಯಿತು. ಕೊನೆಯ ಸಾಲು ಮುಗಿದಾಗ ಕಾಕಾ ಮೆಲ್ಲಗೆ ಕೇಳಿದರು: "ಕುತ್ತಿಗಿ ಬಿಟ್ತಾ, ತಂಗಿ?"

ಎಲ್ಲಿ ಬಿಡಬೇಕು? ಕುತ್ತಿಗೆಗೆ ಅಕ್ಷರ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನಿಜವೇ. ನೋವು ಇದ್ದಲ್ಲೇ ಇತ್ತು. ಆದರೆ ಆ ಔಷಧವನ್ನು ನಾನು ನಂಬದಿದ್ದರೇನು, ಕಾಕಾ ನಂಬಿದ್ದರು. ತಮ್ಮ ಪಾಲಿಗಿದ್ದ ಒಂದೇ ಒಂದು ಗುಳಿಗೆಯನ್ನು ನನ್ನ ಕೈಗಿಟ್ಟು, ತಾವು ಬಲಕ್ಕೆ ತಿರುಗಿದ ಮುಖ ಹೊತ್ತು ನಿಂತಿದ್ದರು.

"ಬಿಟ್ಟದ ಕಾಕಾ," ಎಂದೆ.

"ಹಂಗಾರ ನಾಳಿ ಹತ್ತಕ್ಕ ಬಾ."

"ಬರ್ತೇನಿ."