ತಲೆ ಮೇಲಿದ್ದರೆ ತಪ್ಪೇನು?

ಬಸುರಿ ಹೆಂಡತಿ ಒಳಗಿದ್ದ ಸ್ಕ್ಯಾನಿಂಗ್ ಕೋಣೆಯ ಬಾಗಿಲಾಚೆ ಕಿವಿ ಕೊಟ್ಟು ನಿಂತಿದ್ದ ನೆಟ್ಟಗಪ್ಪನಿಗೆ ಕೇಳಿಸಿದ್ದು ಒಂದೇ ಮಾತು: "ತಲೆ ಮೇಲಿದೆ."

ಅವನಿಗೆ ಅಷ್ಟು ಸಾಕಾಯಿತು. ಮಿಕ್ಕದ್ದನ್ನು ಕೇಳುವ ವ್ಯವಧಾನವೆಲ್ಲಿ? ಫೋನು ತೆಗೆದವನೇ ಮೆಟ್ಟಿಲ ಬಳಿ ಹೋಗಿ ಅತ್ತೆಗೆ ಸುದ್ದಿ ಮುಟ್ಟಿಸಿದ.

"ಅತ್ತೆ, ಎಲ್ಲಾ ಸರಿಯಾಗಿದೆ. ಮಗು ನೆಟ್ಟಗಿದೆ. ತಲೆ ಮೇಲೆ, ಕಾಲು ಕೆಳಗೆ. ಥೇಟ್ ನನ್ನ ಹಾಗೆ!"

ಆ ಕಡೆಯಿಂದ ಏನೋ ಸರಬರ ಸದ್ದಷ್ಟೇ ಬಂತು. ಸಂತೋಷಕ್ಕೆ ಮನೆತುಂಬ ಓಡಾಡುತ್ತಿರಬೇಕು ಎಂದುಕೊಂಡ. (ಮೂವರನ್ನು ಹೆತ್ತ ಆ ಹೆಂಗಸು ಆಗಲೇ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಚೀಲಕ್ಕೆ ಬಟ್ಟೆ ತುಂಬತೊಡಗಿದ್ದರು ಎಂಬುದು ಅವನಿಗೆ ತಿಳಿದದ್ದು ಸಂಜೆ, ಆಕೆ ಮನೆ ಬಾಗಿಲಲ್ಲಿ ಪ್ರತ್ಯಕ್ಷರಾದಾಗ.) ಎರಡನೇ ಫೋನು ಗೋದಾಮಿಗೆ. "ಎಲ್ರಿಗೂ ನನ್ನ ಹೆಸರಲ್ಲಿ ಟೀ ಕೊಡ್ಸಿ. ನನ್ನ ಮಗು ತಲೆ ಎತ್ತಿ ನಿಂತಿದೆ!"

ನೆಟ್ಟಗಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಹಮಾಲರು ಇಟ್ಟದ್ದು. ಗಾಜಿನ ಸಾಮಾನಿನ ಗೋದಾಮಿಗೆ ಅವನು ಮೇಲ್ವಿಚಾರಕ. ಪೆಟ್ಟಿಗೆಯ ಮೇಲೆ ಅಚ್ಚಾದ ಬಾಣ ಸೂರು ನೋಡುತ್ತಿರಬೇಕು. ಪಕ್ಕಕ್ಕೆ ತಿರುಗಿತೋ, ಇಳಿಸಿದವನ ಗ್ರಹಚಾರ ಕೆಟ್ಟಿತು ಎಂದೇ ಅರ್ಥ. ಈ ವ್ರತ ಗೋದಾಮಿನ ಬಾಗಿಲಿಗೆ ನಿಂತಿದ್ದರೆ ಹೆಂಡತಿಯ ಅಭ್ಯಂತರವಿರಲಿಲ್ಲ. ಮನೆಯ ಗೋಡೆಯಲ್ಲಿ ಕ್ಯಾಲೆಂಡರು ಕೂದಲೆಳೆಯಷ್ಟು ವಾಲಿದರೂ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಒಮ್ಮೆ ಹೆಂಡತಿಯ ಗೆಳತಿಯ ಮನೆಗೆ ಊಟಕ್ಕೆ ಹೋದವನು, ಅವರ ತಾತನ ಫೋಟೋ ಓರೆಯಾಗಿದೆಯೆಂದು ಕುರ್ಚಿ ಹತ್ತಿ, ಎಂದೋ ತೀರಿಕೊಂಡಿದ್ದ ಆ ಹಿರಿಯರಿಗೆ ಎರಡನೇ ಸಲ ಅಂತ್ಯ ಕಾಣಿಸಿದ್ದ.

ಇಂಥವನನ್ನು ಡಾಕ್ಟರಮ್ಮನ ಕೋಣೆಯಲ್ಲಿ ಕೂರಿಸಿ, ಮೇಜಿನ ಮೇಲೆ ಆ ಮಾದರಿಯನ್ನು ಇಡಬಾರದಿತ್ತು.

ಬಸುರಿ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ತೋರಿಸುವ ಪ್ಲಾಸ್ಟಿಕ್ ಮಾದರಿ ಅದು. ಒಳಗೆ ಕೈಕಾಲು ಮಡಚಿಕೊಂಡ ರಬ್ಬರ್ ಕೂಸು. ಅದೂ ತಲೆಕೆಳಗಾಗಿ!

"ನೋಡೇ ಇಲ್ಲಿ," ಎಂದ ನೆಟ್ಟಗಪ್ಪ, "ಇಷ್ಟು ದೊಡ್ಡ ಆಸ್ಪತ್ರೆ. ಧೂಳು ಒರೆಸೋರು ಮಗೂನ ಉಲ್ಟಾ ತುರುಕಿ ಹೋಗಿದಾರೆ. ಡಾಕ್ಟರೂ ಗಮನಿಸಿಲ್ಲ."

"ಮುಟ್ಟಬೇಡಿ ರೀ," ಎಂದಳು ಹೆಂಡತಿ. ಅವಳ ಮುಖ ಬಾಡಿತ್ತು. ಸ್ಕ್ಯಾನಿಂಗಿನಿಂದ ಬಂದಾಗಿನಿಂದ ಅವಳು ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದಳು. ಅವನು ಫೋನಿನಿಂದ ಫೋನಿಗೆ ಹಾರುತ್ತಿದ್ದುದರಿಂದ ಮುಚ್ಚಿಕೊಳ್ಳುತ್ತಿದ್ದಳು.

"ಒಂದೇ ನಿಮಿಷ," ಎನ್ನುತ್ತ ಅವನು ಕೂಸಿನ ಕಾಲು ಹಿಡಿದೆಳೆದ. ಟಪ್ ಎಂದು ಹೊರಬಂತು. ತಲೆ ಮೇಲೆ ಮಾಡಿ ಒಳಕ್ಕೆ ತಳ್ಳಿದ. ಹಿಡಿಸಲಿಲ್ಲ. ಇನ್ನಷ್ಟು ತಳ್ಳಿದ. ಗರ್ಭಕೋಶದ ಮುಚ್ಚಳ ಕಳಚಿ ನೆಲದ ಮೇಲೆ ಉರುಳಿಕೊಂಡು ಹೋಗಿ, ಆಗತಾನೇ ಒಳಬಂದ ಡಾಕ್ಟರಮ್ಮನ ಚಪ್ಪಲಿಗೆ ತಗುಲಿ ನಿಂತಿತು.

"ಏನ್ ಮಾಡ್ತಿದೀರಿ?"

"ಸರಿ ಮಾಡ್ತಿದೀನಿ ಡಾಕ್ಟ್ರೇ. ಉಲ್ಟಾ ಇತ್ತು."

ಡಾಕ್ಟರಮ್ಮ ಅವನ ಕೈಯಲ್ಲಿದ್ದ ಕೂಸನ್ನು ನೋಡಿದರು. ಅವನ ಹೆಂಡತಿಯನ್ನು ನೋಡಿದರು. "ಇದು ಸರಿಯಾಗೇ ಇತ್ತು," ಎಂದರು. "ಉಲ್ಟಾ ಇರೋದು ನಿಮ್ಮ ಮಗು."

ನೆಟ್ಟಗಪ್ಪ ಕೈಯಲ್ಲಿದ್ದ ಕೂಸನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿದ.

"ಹೆರಿಗೆ ಟೈಮಲ್ಲಿ ತಲೆ ಕೆಳಗಿರಬೇಕು. ಅದೇ ಮೊದಲು ಹೊರಗೆ ಬರಬೇಕು."

"ಎಲ್ರದ್ದೂ ಹಾಗೇನಾ?"

"ಹೆಚ್ಚುಕಮ್ಮಿ ಎಲ್ರದ್ದೂ. ನಿಮ್ಮದೂ ಹಾಗೇ ಆಗಿರುತ್ತೆ."

"ನಂದೂ?"

ತಲೆ ನರೆಯತೊಡಗಿದ ವಯಸ್ಸಿನಲ್ಲಿ ಮನುಷ್ಯ ತನ್ನ ಬಗ್ಗೆ ಇಂಥದ್ದೊಂದು ಕೇಳಬೇಕೆ! ಇಷ್ಟು ವರ್ಷ ತಾನು ಈ ಭೂಮಿಗೆ ಕಾಲಿಟ್ಟೆ ಎಂದು ನಂಬಿಕೊಂಡಿದ್ದ. ಕಾಲಿಟ್ಟದ್ದೇ ಅಲ್ಲ, ತಲೆಯಿಟ್ಟದ್ದು! ಕೈಯಲ್ಲಿದ್ದ ರಬ್ಬರ್ ಕೂಸು ಅವನನ್ನೇ ನೋಡಿ ನಗುತ್ತಿರುವಂತೆ ಕಂಡಿತು.

"ಆಪರೇಷನ್ನೇ ಆಗ್ಬೇಕಾ ಡಾಕ್ಟ್ರೇ?" ಎಂದಳು ಹೆಂಡತಿ. ದನಿ ಸಣ್ಣಗಿತ್ತು.

"ಈಗಲೇ ಯಾಕಮ್ಮ ಆ ಮಾತು? ಇನ್ನೂ ದಿನ ಇದೆ. ತುಂಬಾ ಮಕ್ಕಳು ತಾವೇ ತಿರುಗ್ತವೆ. ಎರಡು ವಾರ ಬಿಟ್ಟು ಬನ್ನಿ. ಆಗ್ಲೂ ತಿರುಗಿಲ್ಲಾಂದ್ರೆ ಹೊರಗಿಂದ ಕೈಯಲ್ಲಿ ತಿರುಗಿಸೋಕೆ ನೋಡ್ತೀನಿ. ಅದೂ ಆಗ್ಲಿಲ್ಲಾಂದ್ರೆ ಆಪರೇಷನ್. ಹೆದರೋ ಅಂಥದ್ದೇನಿಲ್ಲ."

"ನಾನೇನ್ ಮಾಡ್ಲಿ ಡಾಕ್ಟ್ರೇ?" ಎಂದ ನೆಟ್ಟಗಪ್ಪ.

"ನೀವು ಏನನ್ನೂ ಮುಟ್ಟಬೇಡಿ." ಅವನ ಮುಖ ಕಂಡು ಅವರಿಗೆ ಕನಿಕರ ಬಂದಿರಬೇಕು. "ಬೇಕಾದ್ರೆ ಮಗು ಜೊತೆ ಮಾತಾಡಿ. ಈಗ ಅದಕ್ಕೆ ಕಿವಿ ಕೇಳ್ಸುತ್ತೆ."

ಡಾಕ್ಟರಮ್ಮ ತಮಾಷೆಗೆ ಆಡಿದ ಮಾತನ್ನು ಅವನು ಔಷಧಿಯ ಚೀಟಿಯಷ್ಟೇ ಭಕ್ತಿಯಿಂದ ಸ್ವೀಕರಿಸಿದ. ಆಸ್ಪತ್ರೆಯಿಂದ ಹೊರಬಂದಾಗಲೇ ಅವನಿಗೆ ಕಂಡದ್ದು, ಹೆಂಡತಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾನು ಊರಿಗೆಲ್ಲ ಟೀ ಕುಡಿಸುತ್ತಿದ್ದಾಗ ಇವಳು ಒಬ್ಬಳೇ ಹೆದರಿಕೊಂಡು ಕೂತಿದ್ದಳಲ್ಲ ಎನ್ನಿಸಿ, ಅವಳ ಕೈ ಹಿಡಿದುಕೊಂಡ. ತಣ್ಣಗಿತ್ತು. ಬಸ್ಸಿನಿಂದ ಇಳಿಯುವವರೆಗೂ ಬಿಡಲಿಲ್ಲ.

ಮರುದಿನ ಕೆಲಸದಿಂದ ಬಂದವನೇ ಚಿಕಿತ್ಸೆ ಆರಂಭಿಸಿದ. ಅವನ ತರ್ಕದಲ್ಲಿ ಲೋಪವಿರಲಿಲ್ಲ. ಮಗು ದನಿ ಬಂದ ಕಡೆಗೆ ತಲೆ ತಿರುಗಿಸುತ್ತದೆ. ತಲೆ ಕೆಳಗೆ ಬರಬೇಕು. ಆದ್ದರಿಂದ ದನಿ ಕೆಳಗಿನಿಂದಲೇ ಬರಬೇಕು. ಹೆಂಡತಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ತಾನು ಅವಳ ಪಾದದ ಬಳಿ ನೆಲದ ಮೇಲೆ ಉದ್ದಕ್ಕೆ ಮಲಗಿದ.

"ಕಂದಾ," ಎಂದು ಶುರುಮಾಡಿದ, "ಅಥವಾ ಕಂದಮ್ಮಾ. ನಾನು ನಿಮ್ಮಪ್ಪ ಮಾತಾಡ್ತಿರೋದು. ಜೀವಮಾನವೆಲ್ಲ ಎಲ್ರಿಗೂ ನೆಟ್ಟಗಿರಿ, ನೆಟ್ಟಗಿರಿ ಅಂತ ಬೈದವನು ನಾನು. ಈಗ ಕೈಮುಗಿದು ಕೇಳ್ಕೋತಿದೀನಿ, ದಯವಿಟ್ಟು ತಲೆಕೆಳಗಾಗು."

ಕಾಫಿ ಹಿಡಿದು ಒಳಬಂದ ಅತ್ತೆ ಹೊಸಿಲಲ್ಲೇ ಬೆಚ್ಚಿ ನಿಂತರು. ಅಳಿಯ ಮಗಳ ಕಾಲ ಬುಡದಲ್ಲಿ ಅಡ್ಡಬಿದ್ದು ಕೈಮುಗಿದಿದ್ದಾನೆ! ಕಾಫಿ ತಟ್ಟೆಗೆ ತುಳುಕಿತು.

"ಏನೇ ಇದು? ಅಳಿಯಂದ್ರು ಏನ್ ತಪ್ಪು ಮಾಡ್ಕೊಂಡ್ರು?"

"ಮಗು ಜೊತೆ ಮಾತಾಡ್ತಿದಾರೆ ಅಮ್ಮ."

"ಓ," ಎಂದರು ಅತ್ತೆ. ತಾಯಿಯೂ ಮಗಳೂ ಒಬ್ಬರನ್ನೊಬ್ಬರು ನೋಡಿಕೊಂಡದ್ದು ನೆಲದ ಮೇಲಿದ್ದವನಿಗೆ ಕಾಣಿಸುವಂತಿರಲಿಲ್ಲ.

ಮೂರನೇ ದಿನಕ್ಕೆ ಬರಿಯ ಬೇಡಿಕೆಯಿಂದ ಕೆಲಸ ಸಾಗದು ಎನ್ನಿಸಿತು. ಆಮಿಷ ಒಡ್ಡತೊಡಗಿದ. "ನೋಡು ಕಂದ, ನೀನು ತಿರುಗಿಬಿಟ್ರೆ ಇನ್ಮೇಲೆ ಭಾನುವಾರದ ಅಡುಗೆ ನಂದು. ಪಾತ್ರೆ ಸಮೇತ." ಹೆಂಡತಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು. "ನಿಮ್ಮಮ್ಮ ಆಸೆಪಟ್ಟ ಆ ಹಳದಿ ಪರದೆ ಕಿಟಕಿಗೆ ಹಾಕ್ಕೊಳ್ಳಲಿ, ನಾನು ತುಟಿ ಪಿಟಿಕ್ಕೆನ್ನಲ್ಲ." ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. "ಗಾಳಿ ಬರೋ ಮುಂದಿನ ಕೋಣೆ ನಿಮ್ಮಜ್ಜಿಗೆ ಬಿಟ್ಟುಕೊಡ್ತೀನಿ. ಅವರು ಎಷ್ಟು ದಿನ ಬೇಕಾದ್ರೂ ಇರಲಿ. ತಿಂಗಳುಗಟ್ಟಲೆ ಇರಲಿ!"

"ಸ್ವಲ್ಪ ಜೋರಾಗಿ ಹೇಳಿ ರೀ," ಎಂದಳು ಹೆಂಡತಿ ಗಂಭೀರವಾಗಿ. "ಅದಕ್ಕೆ ಸರಿಯಾಗಿ ಕೇಳಿಸ್ತಿಲ್ಲ ಅನ್ಸುತ್ತೆ."

ಅವನು ಜೋರಾಗಿ ಹೇಳಿದ. ದಿನವೂ ಹೇಳಿದ. ಹೊಸಹೊಸದನ್ನು ಸೇರಿಸಿ ಹೇಳಿದ.

ಎರಡು ವಾರದ ಮೇಲೆ ಸ್ಕ್ಯಾನಿಂಗ್ ಆಯಿತು. "ತಲೆ ಕೆಳಗೆ ಬಂದಿದೆ. ಇನ್ನೇನೂ ಯೋಚನೆ ಬೇಡ," ಎಂದರು ಡಾಕ್ಟರಮ್ಮ. (ಮಾದರಿಯನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದರು.)

"ಮಾತು ಡಾಕ್ಟ್ರೇ! ಬರೀ ಮಾತಲ್ಲೇ ತಿರುಗಿಸಿದೀನಿ!" ನೆಟ್ಟಗಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಬೇರೆಯವರಿಗೂ ಹೇಳಿಕೊಡಬೇಕು ಅಂದ್ರೆ ನಾನು ತಯಾರು."

ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿದರು. "ತಿರುಗಿದ್ದು ನಿಮಗೇನಾದ್ರೂ ಗೊತ್ತಾಯ್ತಾ?"

"ಹೂಂ ಡಾಕ್ಟ್ರೇ. ಹೊಟ್ಟೆಯೊಳಗೆ ಯಾರೋ ಮಂಚ ಸರಿಸಿದ ಹಾಗಾಯ್ತು. ಕೆಳಗಡೆ ಒದೀತಿದ್ದದ್ದು ಪಕ್ಕೆಲುಬಿಗೆ ಒದೆಯೋಕೆ ಶುರುವಾಯ್ತು."

"ಯಾವಾಗ?"

ಅವಳು ಗಂಡನ ಮುಖ ನೋಡಿ, ಬೀರುವನ್ನು ನೋಡಿ, ಕೊನೆಗೆ ಮಡಿಲು ನೋಡಿದಳು. "ಅವತ್ತೇ. ಇಲ್ಲಿಂದ ಹೋದ ದಿನ ಸಾಯಂಕಾಲಾನೇ."

"ಅವತ್ತೇ?" ನೆಟ್ಟಗಪ್ಪನಿಗೆ ಕೋಣೆಯೇ ಓರೆಯಾದಂತಾಯಿತು. "ನಾನು ಮಾತು ಶುರು ಮಾಡೋಕೆ ಮುಂಚೇನಾ? ನಿಮ್ಮಮ್ಮನಿಗೂ ಗೊತ್ತಿತ್ತಾ?"

"ಅಮ್ಮನೂ ಹೊಟ್ಟೆ ಮುಟ್ಟಿ ನೋಡಿ, ತಿರುಗಿದೆ ಅನ್ಸುತ್ತೆ ಅಂದ್ರು. ಆದ್ರೂ ಖಚಿತ ಇರ್ಲಿಲ್ಲ ರೀ. ಇರಲಿ, ಹೇಳಿಬಿಡೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನೀವು ಭಾನುವಾರದ ಅಡುಗೆ ಅಂದ್ರಿ."

ಡಾಕ್ಟರಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ದಾರಿಯುದ್ದಕ್ಕೂ ನೆಟ್ಟಗಪ್ಪ ಗುಡುಗಿದ. "ಕರಾರೆಲ್ಲ ರದ್ದು! ಸರಕು ಮೊದಲೇ ಬಂದು ಮುಟ್ಟಿದ ಮೇಲೆ ಗಾಡಿ ಬಾಡಿಗೆ ಯಾರಾದ್ರೂ ಕೊಡ್ತಾರಾ? ಅಡುಗೆನೂ ಇಲ್ಲ, ಪರದೆನೂ ಇಲ್ಲ!"

"ನನ್ ಹತ್ರ ಯಾಕೆ ಕೂಗಾಡ್ತೀರಿ? ಮಾತು ಕೊಟ್ಟಿದ್ದು ಮಗೂಗೆ. ಅದಕ್ಕೇ ಹೇಳಿ," ಎಂದು ಅವಳು ಅಲ್ಲೇ ನಿಂತು ಹೊಟ್ಟೆ ಮುಂದೊಡ್ಡಿದಳು.

ಅವನು ಬಗ್ಗಿದ. ಬಾಯಿ ತೆರೆದ. ಹೊರಡುವಾಗ ಡಾಕ್ಟರಮ್ಮ ಆಡಿದ ಮಾತು ನೆನಪಾಯಿತು: ಅಪರೂಪಕ್ಕೆ ಕೆಲವು ಮಕ್ಕಳು ಮತ್ತೆ ತಿರುಗಿಬಿಡೋದೂ ಉಂಟು. ಬಾಯಿ ಮುಚ್ಚಿದ.

"ಹೇಳಿ, ಹೇಳಿ."

"ಏನಿಲ್ಲ ಕಂದ," ಎಂದ ಮೆಲ್ಲಗೆ. "ನಿಮ್ಮಮ್ಮ ಅಡುಗೆ ವಿಷಯ ಮಾತಾಡ್ತಿದ್ರು. ನೀನು ಹಾಗೇ ಇರು."

ಹೆರಿಗೆಯವರೆಗೂ ಅವನು ನೆಲ ಬಿಟ್ಟೇಳಲಿಲ್ಲ. ಅತ್ತೆ ಮುಂದಿನ ಕೋಣೆಗೆ ಹಾಸಿಗೆ ಸಾಗಿಸಿದರು. ಕಿಟಕಿಗೆ ಹಳದಿ ಪರದೆ ಬಂತು. ಅದನ್ನು ಓರೆಯಾಗಿಯೇ ಹಾಕಿದ್ದರು. ಅವನು ತುಟಿ ಪಿಟಿಕ್ಕೆನ್ನಲಿಲ್ಲ.

ಹೆಣ್ಣು ಮಗು, ತಲೆ ಮುಂದಾಗಿಯೇ ಬಂತು. ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಬೆವೆತು ಕೂತಿದ್ದ ನೆಟ್ಟಗಪ್ಪ, ತಾಯಿ ಮಗು ಇಬ್ಬರೂ ಕ್ಷೇಮ ಎಂದು ನರ್ಸಮ್ಮ ಹೇಳಿದಾಗ ತಲೆಯಾಡಿಸಿ, ಗೋಡೆಗೆ ಮುಖ ಮಾಡಿ ಅತ್ತ.

ಮರುದಿನ ಬೆಳಿಗ್ಗೆ ಮಗು ಕಿರುಚತೊಡಗಿತು. ತಾಯಿ ಹಾಲು ಕೊಟ್ಟಳು, ಅಜ್ಜಿ ತೂಗಿದರು, ನರ್ಸಮ್ಮ ಬೆನ್ನು ತಟ್ಟಿದರು. ಯಾವುದಕ್ಕೂ ಜಗ್ಗಲಿಲ್ಲ. ನೆಟ್ಟಗಪ್ಪ ಬಗ್ಗಿ, "ಯಾಕಮ್ಮ ಕಂದಾ, ನಾನು ಕಣಮ್ಮ ನಿಮ್ಮಪ್ಪ..." ಎಂದ. ಅಳು ಗಕ್ಕನೆ ನಿಂತಿತು.

"ನೋಡ್ದ್ಯಾ! ಅಪ್ಪನ ದನಿ! ಗುರುತು ಹಿಡೀತು!" ಎಂದು ಅವನು ಉಬ್ಬಿಹೋದ. ಮಗು ಬಾಯಗಲಿಸಿ ಆಕಳಿಸಿತು. ಎರಡನೇ ವಾಕ್ಯ ಮುಗಿಯುವ ಮೊದಲೇ ಕತ್ತು ವಾಲಿಸಿ ಗಾಢ ನಿದ್ದೆಗೆ ಜಾರಿತು. ಅವನು ಮಾತು ನಿಲ್ಲಿಸಿದರೆ ಮುಖ ಕಿವುಚುತ್ತಿತ್ತು. ಶುರುಮಾಡಿದರೆ ಮತ್ತೆ ನಿದ್ದೆ.

"ಒಳಗಿದ್ದಾಗಲೂ ಹೀಗೇ," ಎಂದರು ಅತ್ತೆ. "ಅಳಿಯಂದ್ರು ಬಾಯಿ ತೆಗೆದ ಕೂಡಲೇ ಒದೆ ನಿಂತುಹೋಗೋದು."

ನೆಟ್ಟಗಪ್ಪ ತತ್ತರಿಸಿಹೋದ. ಅಂದರೆ ಈ ಮಗು ಒಂದೇ ಒಂದು ಮಾತನ್ನೂ ಕೇಳಿಸಿಕೊಂಡಿಲ್ಲ! ಅಷ್ಟೂ ಕರಾರಿಗೆ ಎಚ್ಚರವಿದ್ದ ಸಾಕ್ಷಿಗಳೆಂದರೆ ಈ ಇಬ್ಬರೇ!

"ಹಾಗಾದ್ರೆ ರಾತ್ರಿ ಪಾಳಿನೂ ನಿಮ್ಮದೇ ರೀ," ಎಂದು ಹೆಂಡತಿ ಸುಖವಾಗಿ ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದಳು.

ಪಕ್ಕದ ಹಾಸಿಗೆಯಲ್ಲಿ, ಅಳುವ ಗಂಡುಕೂಸನ್ನು ಹಿಡಿದು ಸುಸ್ತಾಗಿದ್ದ ತಾಯಿಯೊಬ್ಬಳು ಸಂಕೋಚದಿಂದ ಕರೆದಳು. "ಅಣ್ಣಾ, ನಮ್ಮವನಿಗೂ ಸ್ವಲ್ಪ ಏನಾದ್ರೂ ಹೇಳ್ತೀರಾ?"

ನೆಟ್ಟಗಪ್ಪ ಕುರ್ಚಿ ಎಳೆದುಕೊಂಡು ಆ ಕಡೆ ತಿರುಗಿದ. ಗಂಟಲು ಸರಿಮಾಡಿಕೊಂಡ. ವಾರ್ಡಿನ ಆ ತುದಿಯಲ್ಲಿ ಯಾರೋ ಆಗಲೇ ಆಕಳಿಸಿದರು.