ಬೇಡವೆಂದ ಸೂಜಿ

ಡಾಕ್ಟರು ಕೇಳಿದ್ದು ಒಂದೇ ಮಾತು. ನಾಗಭೂಷಣ್ ಅದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದರೆ ಆ ದಿನ ಹರಿಹರದ ಬಸ್ಸು ಹತ್ತುವ ಪ್ರಸಂಗವೇ ಬರುತ್ತಿರಲಿಲ್ಲ.

ತೊಂಬತ್ತೆಂಟನೇ ಇಸವಿ. ದಾವಣಗೆರೆಯ ನರ್ಸಿಂಗ್ ಹೋಮೊಂದರಲ್ಲಿ ಅವನ ಹೆಂಡತಿ ವಾಣಿಯನ್ನು ಸಿಜೇರಿಯನ್‌ಗೆ ಒಳಗೆ ಕರೆದೊಯ್ದಿದ್ದರು. ಅರಿವಳಿಕೆ ಕೊಡುವ ಡಾಕ್ಟರು ಆಶಾರಾಣಿ ಹೊರಗೆ ಬಂದು, "ಆಪರೇಷನ್ ಆದ್ಮೇಲೆ ಹೊಟ್ಟೆ ಎರಡೂ ಪಕ್ಕಕ್ಕೆ ಒಂದೊಂದು ಸೂಜಿ ಮಾಡ್ತೀನ್ರಿ. ಹೊಲಿಗೆ ಹಾಕಿದ ಕಡೆ ನರ ಸಂಜೆತನಕ ಜೋಮು ಹಿಡಿದಿರ್ತಾವೆ, ನೋವು ಕಮ್ಮಿ. ಮಾಡ್ಲಾ?" ಎಂದರು.

ಬಾಣಂತಿಯ ಆರೈಕೆಗೆಂದು ತಾನಾಗಿಯೇ ಬಂದಿದ್ದ ಪಕ್ಕದ ಮನೆಯ ಕಮಲಕ್ಕ ಅವನ ತೋಳು ಜಗ್ಗಿದಳು. "ನರಕ್ಕೆ ಸೂಜಿ? ಬ್ಯಾಡ ಅನ್ನು ತಮ್ಮಾ. ಜೋಮು ಹಿಡಿದ ನರ ತಿರುಗಿ ಏಳದಿದ್ರೆ ಅವಳನ್ನ ಹೊತ್ಕೊಂಡು ತಿರುಗ್ತೀಯಾ?"

ಅವನು ಗುಮಾಸ್ತನಾಗಿದ್ದ ಸ್ಕೂಲಿನ ಇನ್ನೊಬ್ಬ ಗುಮಾಸ್ತ, ಜೊತೆಗೆ ಬಂದಿದ್ದ ಕೆಂಚವೀರಪ್ಪ, "ನೋವು ಹೆಣ್ಮಕ್ಕಳಿಗೆ ಇದ್ದದ್ದೇ ಬಿಡ್ರಿ" ಎಂದ. ಹಲ್ಲುನೋವಿಗೆ ಈತ ಮೂರು ದಿನ ರಜೆ ಹಾಕಿದ್ದು ಆಗ ನಾಗಭೂಷಣನಿಗೆ ನೆನಪಾಗಲಿಲ್ಲ.

"ಬ್ಯಾಡ ಬಿಡ್ರಿ ಮೇಡಂ" ಎಂದುಬಿಟ್ಟ.

ಹೆಣ್ಣುಮಗು ಹುಟ್ಟಿತು. ನರ್ಸು ಕಮಲಕ್ಕನನ್ನು ಮಾತ್ರ ಒಳಗೆ ಬಿಟ್ಟು, "ಗಂಡಸ್ರಿಗೆ ನಾಲ್ಕು ಗಂಟೆ ಮೇಲೆ" ಎಂದಳು. ಕೆಂಚವೀರಪ್ಪ ಸ್ಕೂಲಿಗೆ ಹೊರಟ. ಅಷ್ಟರಲ್ಲಿ ಬಾಗಿಲಾಚೆ ಚೀರಾಟ ಕೇಳಿಸಿತು. "ಅಯ್ಯೋ, ತಡಿಯಾಕಾಗಲ್ಲವ್ವೋ! ಹೊಟ್ಟೆ ಸೀಳ್ತೈತೆ!"

ನಾಗಭೂಷಣ್ ನರ್ಸಿನ ಹತ್ತಿರ ಓಡಿದ. "ಸಿಸ್ಟರ್, ಆ ಸೂಜಿ ಈಗ ಮಾಡ್ರಿ!"

"ಅದನ್ನ ಡಾಕ್ಟರೇ ಮಾಡ್ಬೇಕ್ರಿ. ಅವ್ರು ಇನ್ನೊಂದು ಆಪರೇಷನ್‌ಗೆ ಹರಿಹರಕ್ಕೆ ಹೋದ್ರು."

ಬಸ್ಸು ಮಂಡಕ್ಕಿ ಚೀಲದ ಹಾಗೆ ತುಂಬಿತ್ತು. ಒಂಟಿಕಾಲಲ್ಲಿ ನಿಂತ ಅವನಿಗೆ ದಾರಿಯುದ್ದಕ್ಕೂ ಆ ಚೀರಾಟವೇ. ಕೈ ಮೇಲೆ ಕುದಿಯುವ ಎಣ್ಣೆ ಸಿಡಿದಾಗಲೂ 'ಏನಿಲ್ರೀ' ಎಂದವಳು ವಾಣಿ. ಅಂಥವಳು ಚೀರಬೇಕಾದರೆ! ಊರವರನ್ನೆಲ್ಲ ಕೇಳಿದವನಿಗೆ ಅವಳನ್ನು ಕೇಳಬೇಕೆಂದು ಹೊಳೆದಿರಲೇ ಇಲ್ಲ.

ಹರಿಹರದ ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದ. ಆಶಾರಾಣಿ ಹೊರಬಂದದ್ದೇ ಕೈಮುಗಿದ. "ಬುದ್ಧಿಯಿಲ್ದೆ ಬ್ಯಾಡ ಅಂದೆ ಮೇಡಂ. ಬಂದು ಸೂಜಿ ಮಾಡ್ರಿ."

"ಆಗ್ಲೇ ಮಾಡೀನಲ್ರೀ! ನಿಮ್ಮ ಮನೆಯವ್ರಿಗೆ ಎದೆಯಿಂದ ಕೆಳಗಷ್ಟೇ ಅರಿವಳಿಕೆ, ಎಚ್ಚರ ಇದ್ರು, ಅವ್ರನ್ನೇ ಕೇಳಿದೆ. 'ಹೊಟ್ಟೆ ನಂದು, ಮಾಡ್ರಿ' ಅಂದ್ರು."

"ಹಂಗಾರೆ ಚೀರಿದ್ದು?"

"ಪಕ್ಕದ ಕೋಣ್ಯಾಗೆ ಯಾರಿಗೋ ಹೆರಿಗೆ ನೋವು ಬಂದಿರ್ಬೇಕು."

ಅವನು ದಾವಣಗೆರೆಗೆ ಮರಳುವಷ್ಟರಲ್ಲಿ ಸಂಜೆಯಾಗಿತ್ತು. ಬೀದಿಯವರೆಲ್ಲ ಮಗು ನೋಡಿಕೊಂಡು ಹೋಗಿದ್ದರು. ಮಲಗಿದ್ದ ವಾಣಿಯ ಮುಖ ಶಾಂತವಾಗಿತ್ತು.

"ಸೂಜಿ ಮಾಡ್ಸಿದ್ದು ಭಾರಿ ಚಲೋ ಆತು" ಎಂದಳು ಕಮಲಕ್ಕ. "ಹೊರಗೆ ಇವ್ನೊಬ್ಬ ಬ್ಯಾಡ ಬ್ಯಾಡ ಅಂತಿದ್ದ!"

ಹೇಳಿಕೊಟ್ಟವಳು ಅವಳೇ ಆದರೂ ಬೇಡವೆಂದ ಬಾಯಿ ಅವನದೇ ತಾನೆ.

ವಾಣಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಒಂದ್ ಮಾತು ಕೇಳ್ಬೋದಿತ್ತು" ಎಂದಳು ಮೆಲ್ಲಗೆ. "ಹೋಗ್ಲಿ. ಹರಿಹರಕ್ಕೆ ಹೋದ್ರು ಅಂತಷ್ಟೇ ಸಿಸ್ಟರ್ ಅಂದ್ರು. ಮಗಳು ಹುಟ್ಟಿದ ದಿನ ಅಲ್ಲಿ ಅಂಥಾ ಏನ್ ಕೆಲ್ಸ ಇತ್ರೀ?"

ಅಷ್ಟರಲ್ಲಿ ಮಗು ಎಚ್ಚೆತ್ತು ಅಳತೊಡಗಿತು. ಅವನು ಕೈ ಚಾಚುವ ಮೊದಲೇ ಕಮಲಕ್ಕ ಎತ್ತಿಕೊಂಡಿದ್ದಳು.