ರವಿಕೆ ಕಣಕ್ಕೆ ಚೀಟಿ ಅಂಟಿಸಿದ್ದು

ಕಾಲೇಜಿನ ಪದವಿ ಇಲ್ಲದೆಯೂ ಮನುಷ್ಯ ದೊಡ್ಡ ಲೆಕ್ಕಿಗನಾಗಬಹುದು ಎಂಬುದನ್ನು ಜಗತ್ತಿಗೆ, ಜಗತ್ತು ದೂರವಾಯಿತೆಂದರೆ ಕನಿಷ್ಠ ನಮ್ಮೂರು ನ್ಯಾಮತಿಗೆ, ತೋರಿಸಿಕೊಡುತ್ತೇನೆಂದು ಪಣ ತೊಟ್ಟು ನಾನು ಹೋದ ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ಹೊನ್ನಾಳಿಯ ಬಸ್ಸು ಹತ್ತಿದೆ.

ಕಾಲೇಜಿಗೆ ಸೇರಿಯೇ ಇರಲಿಲ್ಲ ಎಂದಲ್ಲ. ಶಿವಮೊಗ್ಗದಲ್ಲಿ ಬಿ.ಕಾಂ. ಸೇರಿದ್ದೆ. ಆದರೆ ಹಾಜರಿ ಕೂಗುವಾಗ ಅಷ್ಟು ಜನರ ಮಧ್ಯೆ ‘ಎಸ್ ಸಾರ್’ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಬಹಳ ಸ್ಪಷ್ಟವಾಗಿಯೇ ಹೇಳುತ್ತಿದ್ದೆ. ಮೇಷ್ಟರಿಗೆ ಅದು ಕೇಳಿಸುತ್ತಿರಲಿಲ್ಲ. ಒಂದು ದಿನವೂ ತಪ್ಪಿಸದೆ ಮುಂದಿನ ಬೆಂಚಿನಲ್ಲೇ ಕೂತಿದ್ದ ನಾನು, ಹಾಜರಾತಿ ಸಾಲದೆಂದು ಪರೀಕ್ಷೆಗೆ ಕೂರಲಾಗದೆ ಮನೆಗೆ ಬಂದೆ.

ಅಪ್ಪ ಶಿವಮೂರ್ತಪ್ಪ ಬೈಯಲಿಲ್ಲ. ಹೊನ್ನಾಳಿಯ ಅಂಗಡಿಯವರಿಗೆ ಲೆಕ್ಕ ಬರೆದು, ಮಾರಾಟ ತೆರಿಗೆಯ ಕಾಗದಪತ್ರ ಮಾಡಿಕೊಡುವ ಮಹೇಶ್ವರಪ್ಪನವರು ಅವರಿಗೆ ಪರಿಚಯ. ನನ್ನನ್ನು ಅವರ ಮುಂದೆ ನಿಲ್ಲಿಸಿ, “ತಿಂಗಳು ಕಳೀಲಿ, ಬರ್ತೀನಿ. ಇವರು ಇಟ್ಕೋತೀನಿ ಅಂದ್ರೆ ಇಲ್ಲೇ ಕೆಲಸ ಕಲಿ. ಬ್ಯಾಡ ಅಂದ್ರೆ ಮತ್ತೆ ಕಾಲೇಜಿಗೆ ಸೇರಿಸ್ತೀನಿ” ಎಂದರು. ಮತ್ತೆ ಆ ಬೆಂಚು, ಮತ್ತೆ ಆ ಹಾಜರಿ. ಅದನ್ನು ತಪ್ಪಿಸಿಕೊಳ್ಳಲು ನಾನು ತುಂಗಭದ್ರೆಯನ್ನು ಈಜಿ ದಾಟಲೂ ಸಿದ್ಧನಿದ್ದೆ. ಈಜು ಬರುತ್ತಿರಲಿಲ್ಲ, ಅಷ್ಟೆ.

ಮಹೇಶ್ವರಪ್ಪನವರ ಆಫೀಸು ಎಂದರೆ ಅವರ ಮನೆಯ ಮುಂದಿನ ಕೋಣೆ. ಮೊದಲ ದಿನವೇ ಅವರು ನನಗೆ ದೀಕ್ಷೆ ಕೊಟ್ಟರು. “ನೋಡು ತಮ್ಮ, ಮಾಲು ಅಂದ್ಮೇಲೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗ್ತೈತೆ ಅಂತ ಬರೆದ ಚೀಟಿ ಅದರ ಜೊತೇಲೇ ಹೋಗಬೇಕು. ಚೀಟಿ ಇಲ್ಲದ ಮಾಲನ್ನ ಚೆಕ್‌ಪೋಸ್ಟಿನಾಗೆ ಹಿಡಿದು ನಿಲ್ಲಿಸ್ತಾರೆ. ಚೀಟಿ ಇತ್ತು ಅಂದ್ರೆ ಮಾಲು ಮಹಾರಾಜನಂಗೆ ಹೋಗ್ತೈತೆ.”

ನಾನು ಈ ಮಾತನ್ನು ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ತಿಂಗಳು ಮುಗಿಯುತ್ತ ಬಂದಾಗ ಅವರ ಮಗಳು ರುದ್ರಾಣಿಗೆ ಏಳು ತಿಂಗಳು ತುಂಬಿ, ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಕಾರ್ಯ ಇಟ್ಟುಕೊಂಡರು. ಆಫೀಸಿನ ಮೇಜು ಮೂಲೆಗೆ ಹೋಗಿ, ಆ ಜಾಗಕ್ಕೆ ಚಾಪೆ ಬಂತು. ಮಹೇಶ್ವರಪ್ಪನವರು ನನ್ನನ್ನು ತಮ್ಮ ಹೆಂಡತಿ ಅನ್ನಪೂರ್ಣಮ್ಮನವರಿಗೆ ಆ ಒಂದು ದಿನದ ಮಟ್ಟಿಗೆ ಎರವಲು ಕೊಟ್ಟರು.

ಇಂಥ ಕಾರ್ಯದಲ್ಲಿ ನಡೆಯುವುದು ಇಷ್ಟು: ಬರುವ ಹೆಂಗಸರು ಬಸುರಿಗೆಂದು ಒಂದೊಂದು ರವಿಕೆ ಕಣ ತರುತ್ತಾರೆ. ಹೊರಡುವಾಗ ಮನೆಯವರು ಅವರಿಗೆ ಅರಿಶಿನ ಕುಂಕುಮದ ಜೊತೆ ಒಂದೊಂದು ಕಣ ಕೊಡುತ್ತಾರೆ. ಅಂಗಡಿಯಿಂದ ತಂದದ್ದು ಸಾಲದೆ ಹೋದರೆ, ಬಂದದ್ದರಲ್ಲೇ ತೆಗೆದು ಕೊಡುತ್ತಾರೆ. ಇದು ಎಲ್ಲ ಹೆಂಗಸರಿಗೂ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವುದಿಲ್ಲವಾದ್ದರಿಂದ ಗಂಡಸರಿಗೆ ಗೊತ್ತಿಲ್ಲ.

“ತಮ್ಮ, ಬಂದ ಕಣ ಎಲ್ಲಾ ಒಳಗೆ ಜೋಡಿಸಿ ಇಡು. ಯಾರ್ದು ಯಾವುದು ಅಂತ ಗ್ಯಾನ ಇರ್ಲಿ. ಅವರು ತಂದಿದ್ದು ಅವರಿಗೇ ವಾಪಸ್ ಹೋದ್ರೆ ನನ್ನ ಮಾನ ಹೋಗ್ತೈತೆ” ಎಂದರು ಅನ್ನಪೂರ್ಣಮ್ಮ.

“ಆಗಲಿ ಅಮ್ಮ, ಒಂದು ವ್ಯವಸ್ಥೆ ಮಾಡ್ತೀನಿ.”

“ವ್ಯವಸ್ಥೆ ಗಿವಸ್ಥೆ ಬ್ಯಾಡ. ಗ್ಯಾನ ಇಟ್ಕೋ ಸಾಕು.”

ಜ್ಞಾನ ಇಟ್ಟುಕೊಳ್ಳುವುದನ್ನು ನಂಬಿ ಯಾವ ಲೆಕ್ಕಿಗನೂ ಬದುಕಿಲ್ಲ. ನಾನು ಬಿಳಿ ಕಾಗದವನ್ನು ಒಂದೇ ಅಳತೆಗೆ ಕತ್ತರಿಸಿದೆ. ಒಂದೊಂದರಲ್ಲೂ ‘ಬಂದದ್ದು’, ‘ಹೋದದ್ದು’, ‘ಷರಾ’ ಎಂದು ಬರೆದು, ಕಣದ ಒಳಮಡಿಕೆಗೆ ಆಫೀಸಿನ ಗೋಂದಿನಿಂದ ಅಂಟಿಸಿದೆ. ಷರಾ ಬೇಕಿತ್ತೇ ಎಂದು ನೀವು ಕೇಳಬಹುದು. ಷರಾ ಇಲ್ಲದ ಕಾಗದವನ್ನು ನಾನು ಆ ಕೋಣೆಯಲ್ಲಿ ನೋಡಿಯೇ ಇರಲಿಲ್ಲ. ಆದ್ದರಿಂದ ಪ್ರತಿಯೊಂದು ಕಣವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸಿ, ‘ಮಡಿಕೆಯಲ್ಲಿ ಮಾಸಿದೆ’, ‘ಅಳತೆ ಸಾಲದು, ತೆಳ್ಳಗಿನವರಿಗೆ ಕೊಡಬಹುದು’ ಎಂದು ಮನಸ್ಸಾಕ್ಷಿಗೆ ಒಪ್ಪುವಂತೆ ಬರೆದೆ.

ಸಂಜೆಯ ಹೊತ್ತಿಗೆ ಅಂಗಡಿಯ ಕಣ ಮುಗಿಯಿತು. ಅನ್ನಪೂರ್ಣಮ್ಮ ಬಾಗಿಲ ಸಂದಿಯಿಂದ, “ಉಡಚಮ್ಮಗೆ ಒಂದು ಕೊಡು, ಅವಳು ತಂದಿದ್ದು ಬ್ಯಾಡ” ಎಂದು ಪಿಸುಗುಟ್ಟುವುದು, ನಾನು ‘ಹೋದದ್ದು’ ಎಂಬಲ್ಲಿ ಹೆಸರು ತುಂಬಿ ಕೊಡುವುದು. ಒಂದೇ ಒಂದು ಕಣವೂ ತಂದವರ ಕೈಗೆ ಹೋಗಲಿಲ್ಲ. ಎಲ್ಲರೂ ಹೋದ ಮೇಲೆ ಅನ್ನಪೂರ್ಣಮ್ಮ ಬೆವರು ಒರೆಸಿಕೊಂಡು, “ಪರವಾಗಿಲ್ಲ ಹುಡುಗ. ಕಾಲೇಜಿಗೆ ಹೋಗಿದ್ರೆ ಹಾಳಾಗ್ತಿದ್ದೆ” ಎಂದರು. ನನ್ನ ಕೆಲಸ ಕಾಯಂ ಆಯಿತೆಂದು ನಾನು ಆಗಲೇ ನಿರ್ಧರಿಸಿಬಿಟ್ಟೆ. ಮರುದಿನ ಅಪ್ಪ ಬರುವವರಿದ್ದರು.

ಬೆಳಿಗ್ಗೆ ಅಪ್ಪನಿಗಿಂತ ಮೊದಲು ಬಂದವರು ಬಳೆಗಾರ್ತಿ ಸೈದಾಬೀ. ಹಿಂದಿನ ದಿನ ರುದ್ರಾಣಿಯ ಕೈಗೆ ಬಳೆ ಇಟ್ಟು, ಒಂದು ಹಸಿರು ಕಣ ಪಡೆದುಕೊಂಡು ಹೋಗಿದ್ದವರು. ಬಳೆ ಮಲಾರ ಕೆಳಗಿಳಿಸಿ ಜಗುಲಿಯ ಮೇಲೆ ಕೂತರು.

“ಅಕ್ಕಾರೆ, ಕಣದಾಗೆ ಕಾಗದ ಅಂಟಿಸೀರಲ್ಲ, ಇದೇನು ಕೋರ್ಟಿನ ನೋಟೀಸ? ನನ್ನ ಮಗಳು ಓದಿ ನಗಾಕೆ ಶುರು ಮಾಡಿದಾಳೆ, ಇನ್ನೂ ನಿಲ್ಲಿಸಿಲ್ಲ.”

ಅನ್ನಪೂರ್ಣಮ್ಮ ಈಸಿಕೊಂಡು ಓದಿದರು. ‘ಬಂದದ್ದು: ಕಸ್ತೂರಮ್ಮನವರಿಂದ. ಹೋದದ್ದು: ಸೈದಾಬೀಯವರಿಗೆ. ಷರಾ: ಎಣ್ಣೆ ಕಲೆ ಇದೆ. ಬಣ್ಣ ಬಿಡುವ ಸಂಭವವೂ ಇದೆ.’

ಮೊದಲು ಬಣ್ಣ ಬಿಟ್ಟದ್ದು ಅನ್ನಪೂರ್ಣಮ್ಮನವರ ಮುಖ.

“ಯಾರಿಗಾದ್ರೂ ಹೇಳಿದೇನೆ ಸೈದಾಬೀ?”

“ಇಲ್ಲ ಅಕ್ಕಾರೆ, ನಾನ್ಯಾಕೆ ಹೇಳ್ಲಿ? ಬರೋ ದಾರೀಲಿ ಸಿಕ್ಕೋರಿಗೆ ಅಷ್ಟೆ.”

ಸೈದಾಬೀ ಮನೆಯಿಂದ ಮನೆಗೆ ಬಳೆ ತೊಡಿಸುತ್ತಲೇ ಬರುವವರು. ದಾರಿಯಲ್ಲಿ ಸಿಗದವರು ಯಾರೂ ಇರುವುದಿಲ್ಲ. ಅನ್ನಪೂರ್ಣಮ್ಮ ನನ್ನ ಕಡೆ ತಿರುಗಿದರು.

“ಏನೋ ಇದು?”

“ಚೀಟಿ ಇಲ್ಲದ ಮಾಲು ಹಿಡೀತಾರೆ ಅಂತ ಸಾರ್ ಹೇಳಿದ್ರು ಅಮ್ಮ.”

“ನಮ್ಮ ಓಣಿಯಾಗೆ ಚೆಕ್‌ಪೋಸ್ಟ್ ಎಲ್ಲೈತೋ?”

ಅಷ್ಟರಲ್ಲಿ ಚೆಕ್‌ಪೋಸ್ಟೇ ನಡೆದುಕೊಂಡು ಬಂತು. ಎದುರುಮನೆಯ ಉಡಚಮ್ಮ, ಪಕ್ಕದ ಮನೆಯ ಕಸ್ತೂರಮ್ಮ.

“ನಾನು ತಂದ ಕಣ ಬಣ್ಣ ಬಿಡ್ತೈತೇನ್ರೀ ಅನ್ನಪೂರ್ಣಕ್ಕ?” ಎಂದರು ಕಸ್ತೂರಮ್ಮ. ಆಮೇಲೆ ನನಗೆ, “ನೀನೇನು ಒಗೆದು ನೋಡಿದ್ಯೇನಪ್ಪ?”

“ಇಲ್ಲ, ಸಂಭವ ಅಂತ ಬರ್ದೀನಿ” ಎಂದೆ. ನನಗೇ ಕೇಳಿಸಲಿಲ್ಲ.

ಉಡಚಮ್ಮ ಕಣವನ್ನು ಕಣ್ಣಿನ ಹತ್ತಿರ ಹಿಡಿದು ಅಂಚು ನೋಡಿದರು. “ತಡಿ ಕಸ್ತೂರಿ. ಈ ಎಣ್ಣೆ ಕಲೆ ನಮ್ಮನೆ ದೀಪದ್ದು. ಗೃಹಪ್ರವೇಶದಾಗೆ ನಾನೇ ನಿನಗೆ ಕೊಟ್ಟಿದ್ದಲ್ಲೇನೆ ಇದು?”

ಕಸ್ತೂರಮ್ಮ ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಈಗ ಅನ್ನಪೂರ್ಣಮ್ಮನವರಿಗೆ ಜೀವ ಬಂತು.

“ನೀನು ಕೊಟ್ಟಿದ್ದಾ? ಉಡಚಿ, ರುದ್ರಾಣಿ ಲಗ್ನದಾಗೆ ನಾನು ನಿನಗೆ ಕೊಟ್ಟ ಹಸಿರು ಕಣ ಇದು. ಹೊಲಿಸ್ಕೊಂಡೆ, ಬಾಳ ಚೆನ್ನಾಗಾತು ಅಂತ ಹೇಳಿದ್ದಲ್ಲ ನೀನು?”

ಉಡಚಮ್ಮನವರೂ ಗಾಡಿಯನ್ನು ನೋಡತೊಡಗಿದರು. ಸೈದಾಬೀ ಕಣವನ್ನು ಪೂರ್ತಿ ಬಿಚ್ಚಿ ಮೂಲೆ ಹುಡುಕಿದರು.

“ಅಕ್ಕಾರೆ, ಬ್ಯಾಸರ ಮಾಡ್ಕೋಬ್ಯಾಡ್ರಿ. ರುದ್ರಾಣಿ ಲಗ್ನಕ್ಕೆ ಇದನ್ನ ನಾನೇ ತಂದಿದ್ದೆ. ಅಂಗಡಿಯೋನು ಮೂಲೆ ವಾರೆ ಕತ್ತರಿಸಿದ್ದ, ಅವನ ಜೊತೆ ಜಗಳ ಆಡಿದ್ದೆ. ನೋಡ್ರಿ, ಇಲ್ಲೈತೆ.”

ಯಾರು ತಂದದ್ದು ಅವರಿಗೇ ಹೋಗಬಾರದು ಎಂಬ ಒಂದೇ ಒಂದು ಕೆಲಸವನ್ನು ನನಗೆ ಒಪ್ಪಿಸಿದ್ದರು. ಓಣಿಯನ್ನೆಲ್ಲ ಸುತ್ತಿ ಬಂದ ಕಣವನ್ನು ನಾನು ಗೋಂದು ಹಚ್ಚಿ, ಷರಾ ಬರೆದು, ಅದರ ಮೂಲ ಒಡತಿಗೇ ಒಪ್ಪಿಸಿದ್ದೆ.

ಮೊದಲು ಉಡಚಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಕಸ್ತೂರಮ್ಮನವರ ಭುಜ ಅಲುಗಾಡಿತು. ಕೊನೆಗೆ ನಾಲ್ವರೂ ಜಗುಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೊಬ್ಬ ಬಾಗಿಲ ಹಿಂದೆ ನಿಂತಿದ್ದೆ.

ಆಗ ಬಸ್ ಸ್ಟ್ಯಾಂಡಿನಿಂದ ಮಹೇಶ್ವರಪ್ಪನವರ ಜೊತೆ ಅಪ್ಪ ಬಂದರು. ವಿಷಯ ಕೇಳಿ ಮಹೇಶ್ವರಪ್ಪನವರು ಕನ್ನಡಕ ಏರಿಸಿ ಚೀಟಿ ಓದಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಬರ್ದಿರೋದ್ರಾಗೆ ಏನೂ ತಪ್ಪಿಲ್ಲ” ಎಂದರು.

“ಹಂಗಾದ್ರೆ ಇಟ್ಕೋತೀರಾ?” ಎಂದು ಕೇಳಿದರು ಅಪ್ಪ.

“ಅವಳನ್ನ ಕೇಳ್ರಿ.”

ಅನ್ನಪೂರ್ಣಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನನ್ನ ಕಣ್ಣ ಮುಂದೆ ಶಿವಮೊಗ್ಗದ ಬಸ್ಸು ಬಂದು ನಿಂತಿತು. ಬಾಗಿಲೂ ತೆರೆಯಿತು.

“ಇಟ್ಕೊಳ್ಳದೆ ಏನ್ ಮಾಡಾಕಾಗ್ತೈತೆ?” ಎಂದರು ಅನ್ನಪೂರ್ಣಮ್ಮ. “ಯಾರ ಕಣ ಯಾರ ಮನೆಗೆ ಹೋತು ಅಂತ ಇವನಿಗೆಲ್ಲಾ ಗೊತ್ತೈತೆ. ಹೊರಗೆ ಬಿಟ್ರೆ ನಾವು ನಾಲ್ಕು ಜನ ಊರಾಗೆ ತಲೆ ಎತ್ತಂಗಿಲ್ಲ.”

“ಹೌದ್ರೀ, ಬಿಡಬ್ಯಾಡ್ರಿ” ಎಂದರು ಉಡಚಮ್ಮ, ಕಸ್ತೂರಮ್ಮ, ಸೈದಾಬೀ ಮೂವರೂ ಒಟ್ಟಿಗೆ.